ಹಳೇ ಹಳಿಯ ಮೇಲೆ 300 ಕಿ.ಮೀ. ವೇಗಕ್ಕೆ ಎಷ್ಟು ಶಕ್ತಿಯ ಮೋಟಾರ್ ಬೇಕು?

ಹಳೇ ಮಾರ್ಗದಲ್ಲೇ 300ಕ್ಕೆ ರೈಲು ಓಡಿಸುವ ಪ್ರಾಜೆಕ್ಟ್, ಯಾವ ಮೋಟಾರ್ ಹಾಕಲಿ ಅಂತ ಕೇಳಿದ್ದೀರಿ. ಅಯ್ಯೋ, ಕೊನೇ ವರ್ಷ ನಾನೂ ಇದನ್ನೇ ಹಿಡಿದು ಕೂತಿದ್ದೆ! ಮೋಟಾರ್, ಬ್ರೇಕ್, ಗಾಳಿ ಸೀಳುವ ಮೂತಿ, ಎಲ್ಲಾ ಪಕ್ಕಾ ಲೆಕ್ಕ. ಹಳಿಗೆ ಮಾತ್ರ ಒಂದೇ ಪುಟ. ಆ ಪುಟವೇ ಮುಳುಗಿಸಿತು.

ನಾನು ಆರಿಸಿದ ಮಾರ್ಗದ ತಿರುವುಗಳು 500 ಮೀಟರ್ ತ್ರಿಜ್ಯದವು, 100 ಕಿ.ಮೀ. ವೇಗಕ್ಕೆ ಹೊಂದುವಂಥವು. ವೇಗ ಮೂರು ಪಟ್ಟಾದರೆ ತ್ರಿಜ್ಯವೂ ಮೂರು ಪಟ್ಟು, 1,500 ಮೀಟರಿಗೆ ಸಡಿಲಿಸಿದರೆ ಸಾಕು ಅಂತ ಬರೆದುಬಿಟ್ಟೆ. ಆದರೆ ಹೊರಕ್ಕೆ ತಳ್ಳುವ ಬಲ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. ಮೂರು ಪಟ್ಟು ವೇಗಕ್ಕೆ ಒಂಬತ್ತು ಪಟ್ಟು ತ್ರಿಜ್ಯ, ಅಂದರೆ 4,500 ಮೀಟರ್. ಹೊರಗಿನ ಹಳಿಯನ್ನು 150 ಮಿ.ಮೀ. ಎತ್ತರಿಸಿದರೂ, ನನ್ನ 1,500 ಮೀಟರಿನ ತಿರುವಿನಲ್ಲಿ ಪ್ರಯಾಣಿಕರ ಮೇಲೆ ಅವರ ತೂಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಲ ಪಕ್ಕಕ್ಕೆ ಬೀಳುತ್ತಿತ್ತು. ನಿಂತವರು ಉರುಳಿಹೋಗಬೇಕು. ಹಳಿ ಇನ್ನೂ ಎತ್ತರಿಸೋಣ ಅಂದರೆ, ಅದರ ಮೇಲೆ ಗೂಡ್ಸ್ ರೈಲೂ ತೆವಳಬೇಕಲ್ಲ! ಅದರ ಭಾರ ಒಳ ಹಳಿಗೆ ವಾಲಿ ಅದನ್ನು ಸವೆಸುತ್ತದೆ. ಒಂದು ವರ್ಗ ಮರೆತಿದ್ದಕ್ಕೆ ಪ್ರಾಜೆಕ್ಟ್ ವಾಪಸ್ ಬಂತು, ಡಿಗ್ರಿ ತಡವಾಯಿತು, ಸಿಕ್ಕಿದ್ದ ಕೆಲಸವೂ ಕೈತಪ್ಪಿತು.

ಹಾಗಾಗಿ ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಮೋಟಾರ್ ಸಿಗದೆ ಯಾರ ರೈಲೂ ನಿಂತಿಲ್ಲ. ಟೋಕಿಯೊ–ಒಸಾಕಾ ನಡುವೆ ಜಪಾನಿನವರು 1,067 ಮಿ.ಮೀ. ಗೇಜಿನ ಹಳೇ ಹಳಿಯನ್ನು ಅದರ ಪಾಡಿಗೆ ಬಿಟ್ಟು, 1964ರಲ್ಲಿ 1,435 ಮಿ.ಮೀ. ಗೇಜಿನ ಹೊಸ ಮಾರ್ಗವನ್ನೇ ತೆರೆದರು. 210 ಕಿ.ಮೀ. ವೇಗಕ್ಕೆಂದು ಕನಿಷ್ಠ 2,500 ಮೀಟರ್ ತ್ರಿಜ್ಯ ಇಟ್ಟರು. ಒಸಾಕಾದಿಂದ ಆಚೆಗಿನ ಸ್ಯಾನ್‌ಯೊ ಮಾರ್ಗಕ್ಕೆ 4,000. ಇವತ್ತಿಗೂ ಎನ್700 ರೈಲು ಸ್ಯಾನ್‌ಯೊದಲ್ಲಿ 300ಕ್ಕೆ ಓಡಿದರೆ, 1964ರ ಆ ಟೋಕಿಯೊ–ಒಸಾಕಾ (ಟೋಕೈಡೊ) ಮಾರ್ಗದಲ್ಲಿ 285 ದಾಟಲ್ಲ. ಅದೂ ತಿರುವಿನಲ್ಲಿ ಒಂದು ಡಿಗ್ರಿ ಒಳಕ್ಕೆ ವಾಲಿಕೊಂಡು. ಎರಡೂ ಕಡೆ ಮೋಟಾರ್ ಅದೇ ಅಲ್ವಾ?

ಜಾಸ್ತಿ ಶಕ್ತಿ ಕೆಲಸಕ್ಕೆ ಬರುವುದು ಏರಿನಲ್ಲಿ. 1981ರ ಪ್ಯಾರಿಸ್–ಲಿಯಾನ್ ಮಾರ್ಗ ಸಾವಿರ ಮೀಟರಿಗೆ 35 ಮೀಟರ್ ಏರುವ ದಾರಿಯನ್ನು ನೇರವಾಗಿ ಹತ್ತುತ್ತದೆ, ಸುರಂಗದ ಖರ್ಚು ಉಳಿಯಿತು. ತಿರುವಿನಲ್ಲಿ ಆ ಶಕ್ತಿ ಸುಮ್ನೆ ಭಾರ.

ಮೊದಲು ನಿಮ್ಮ ಮಾರ್ಗದ ತಿರುವುಗಳ ಪಟ್ಟಿ ತರಿಸಿ, ನನ್ನ 4,500 ಬೇಡ, ಸ್ಯಾನ್‌ಯೊದ ಅಳತೆಯನ್ನೇ ಹಿಡಿದು 4,000 ಮೀಟರಿಗಿಂತ ಕಡಿಮೆ ಇರುವುದಕ್ಕೆಲ್ಲ ಕೆಂಪು ಗೆರೆ ಎಳೆಯಿರಿ. ಪುಟವೆಲ್ಲ ಕೆಂಪಾದರೆ 300ರ ಆಸೆ ಬಿಟ್ಟು 160ಕ್ಕೆ ಇಳಿಯಿರಿ. ನನ್ನ ಲೆಕ್ಕದ ಪ್ರಕಾರ ಅದಕ್ಕೂ 1,280 ಮೀಟರ್ ಬೇಕು.