ಗುಳೆಯಿಂದ ಮರಳಿದವರು ಸಭೆಗೆ ಮರಳದಿದ್ದಾಗ: ಒಬ್ಬ ಸಭಾಪಾಲಕರ ಪ್ರಕರಣ

ಮುಂಗಾರು ಹಿಡಿದು ಹೊಲದ ಕೆಲಸ ಶುರುವಾಗುವ ಹೊತ್ತಿಗೆ ನನ್ನ ಬಳಿ ಆಪ್ತಸಲಹೆಗೆ ಬರುವವರಲ್ಲಿ ರಾಯಚೂರು, ಕೊಪ್ಪಳ ಕಡೆಯ ಹಳ್ಳಿಗಳ ಸಭಾಪಾಲಕರು, ಅಂದರೆ ಕ್ರೈಸ್ತ ಸಭೆಗಳ ಪಾಸ್ಟರುಗಳು, ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ನಿದ್ದೆ ಬರುವುದಿಲ್ಲ, ಶನಿವಾರ ರಾತ್ರಿಯಾದರೆ ಹೊಟ್ಟೆ ತೊಳಸುತ್ತದೆ, ಮನೆಯವರ ಮೇಲೆ ವಿನಾಕಾರಣ ಸಿಡುಕುತ್ತೇನೆ ಎಂದು ಮಾತು ಆರಂಭಿಸುವ ಇವರು, ಸ್ವಲ್ಪ ಹೊತ್ತಿನಲ್ಲೇ ಆರಾಧನೆಗೆ ಬರುವವರ ಸಂಖ್ಯೆ ಇಳಿದ ವಿಷಯಕ್ಕೆ ಬಂದು ನಿಲ್ಲುತ್ತಾರೆ. ಇಂಥ ಪ್ರಕರಣಗಳಲ್ಲಿ ಒಂದು ನನ್ನನ್ನು ಬಹಳ ಕಾಲ ಕಾಡಿತು. ಆ ಸಭಾಪಾಲಕರ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ವಯಸ್ಸು, ಸಭೆಯ ಪಂಗಡ ಇವನ್ನು ಬಿಟ್ಟು ಅಥವಾ ಬದಲಿಸಿ ಬರೆಯುತ್ತಿದ್ದೇನೆ.

ರಾಯಚೂರು ಜಿಲ್ಲೆಯ ಮಳೆಯಾಶ್ರಿತ ತಾಲ್ಲೂಕೊಂದರ ಹಳ್ಳಿ ಅದು; ಸಭೆಯ ಬಹುತೇಕ ಕುಟುಂಬಗಳು ಕೂಲಿಯನ್ನೇ ನಂಬಿದವು. ದೇವದುರ್ಗ, ಲಿಂಗಸುಗೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಊರಿನಲ್ಲಿ ದುಡಿಮೆ ಇರುವುದಿಲ್ಲ, ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಜನ ಗುಳೆ ಹೋಗುತ್ತಾರೆ. ಈ ಸಭೆಯವರು ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಆರಾಧನೆ ಮುಗಿಸಿಕೊಂಡು ಹೊರಟು, ಮುಂಗಾರಿನ ಆರಂಭದ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಮರಳುತ್ತಾರೆ. ಪುನರುತ್ಥಾನದ ಹಬ್ಬ (ಈಸ್ಟರ್) ಯಾವ ವರ್ಷವಾದರೂ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೇ ಬೀಳುವುದರಿಂದ, ಕ್ರೈಸ್ತರ ಅತಿ ದೊಡ್ಡ ಹಬ್ಬ ಈ ಊರುಗಳಲ್ಲಿ ಪ್ರತಿ ವರ್ಷವೂ ಗುಳೆಯ ನಟ್ಟನಡುವೆ ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು, ತುಂಗಭದ್ರಾ ಜಲಾಶಯ ತುಂಬದೆ, ಎರಡನೆಯ ಬೆಳೆಗೆ ಕಾಲುವೆ ನೀರು ಸಿಗದೆ ಹೋದಾಗ, ಸಿಂಧನೂರಿನ ಕಡೆ ಭತ್ತದ ನಾಟಿಗೆ, ಕೊಯ್ಲಿಗೆ ಹೋಗಿ ಬರುತ್ತಿದ್ದ ಇಲ್ಲಿನ ಕೆಲವು ಮನೆಯವರೂ ದೂರದ ನಗರಗಳ ದಾರಿ ಹಿಡಿದರು. ಸಭಾಪಾಲಕರ ಸಂಕಟ ಬಿಗಡಾಯಿಸಿದ್ದು ಆಮೇಲೆ.

ಅವರು ಇಳಿದ ಸಂಖ್ಯೆಯನ್ನು ತಮ್ಮ ಸೇವೆಯ ಮೇಲೆ ಬಂದ ತೀರ್ಪೆಂದು ತಿಳಿದಿದ್ದರು. ಕ್ರಿಸ್‌ಮಸ್ ದಿನ ಹೊರಗೆ ಶಾಮಿಯಾನ ಹಾಕಿಸಿದ ದೇವಾಲಯದಲ್ಲಿ ಏಪ್ರಿಲ್ ತಿಂಗಳು ಮುಂದಿನ ಮೂರು ಸಾಲು ತುಂಬದಿದ್ದಾಗ, ಉಪವಾಸ ಪ್ರಾರ್ಥನೆ ಇಟ್ಟರು, ರಾತ್ರಿಯಿಡೀ ಪ್ರಾರ್ಥನೆ ಇಟ್ಟರು, ಹೊರಗಿನ ಪ್ರಸಂಗಿಗಳನ್ನು ಕರೆಸಿದರು. ಬಾರದವರ ಮೇಲಿನ ಸಿಟ್ಟನ್ನು ಬಂದವರು ಕೇಳಿಸಿಕೊಳ್ಳಬೇಕಾಯಿತು. ನಾನು ಮೊದಲು ವಿಚಾರಿಸಿದ್ದು ಅವರ ನಿದ್ದೆ, ಊಟ, ಬದುಕಿನ ಆಸಕ್ತಿ, ಸಾವಿನ ಯೋಚನೆಗಳನ್ನು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲೇಬೇಕೆಂದು ಹೇಳಿದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲೇ ನಡೆಸಿದ ಪ್ರಯೋಗ. ಹಾಗಿದ್ದರೂ ನಮ್ಮ ಭಾಗದ ಧರ್ಮಸೇವಕರು ಮನೋವೈದ್ಯರೆಂದರೆ ಹಿಂಜರಿಯುತ್ತಾರೆ. ವಿಶ್ವಾಸ ಕಡಿಮೆಯಾದವನು ಎಂದು ಜನ ಆಡಿಕೊಂಡಾರೆಂಬ ಭಯ ಅವರಿಗೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು.

ಪ್ರಕರಣದ ದಿಕ್ಕು ಬದಲಾದದ್ದು ಅವರು ಪತ್ನಿಯೊಂದಿಗೆ ಬಂದ ದಿನ. ಹಾಜರಿ ಪುಸ್ತಕವನ್ನು ತಂದಿದ್ದರು; ಉದ್ದನೆಯ, ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕ. ಜನವರಿಯಿಂದ ಮುಂದಿನ ಪುಟಗಳಲ್ಲಿ ಕೆಂಪು ಶಾಯಿಯ ಗೈರುಹಾಜರಿ ಗುರುತುಗಳೇ ತುಂಬಿದ್ದವು. ಪ್ರತಿ ಪುಟದ ಕೆಳಗೆ ಮೊತ್ತ, ಅದರ ಪಕ್ಕದಲ್ಲಿ ಡಿಸೆಂಬರಿನ ಮೊತ್ತ. ಮೊತ್ತದ ಸಾಲನ್ನು ಒಂದು ಕಾಗದದಿಂದ ಮುಚ್ಚಿ, ಮೇಲಿನಿಂದ ಒಂದೊಂದೇ ಹೆಸರು ಓದಿ ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಹೇಳಿರೆಂದೆ. ಮೊದಲ ಕೆಲವು ಹೆಸರುಗಳಿಗೆ ಉತ್ತರ ಬಂತು. ನಂತರ ‘ಪುಣೇದಾಗ ಇರಬೇಕ್ರಿ’ ಎಂಬ ಮಾತೇ ಮತ್ತೆ ಮತ್ತೆ ಬರತೊಡಗಿತು. ಅಷ್ಟು ಹೊತ್ತೂ ಸೆರಗು ಹೊದ್ದು ಸುಮ್ಮನೆ ಕುಳಿತಿದ್ದ ಪತ್ನಿ ಒಂದು ಹೆಸರಿಗೆ ಬಾಯಿ ತೆರೆದರು.

‘ಆಕಿ ಪುಣೇದಾಗ ಇಲ್ರಿ ಮೇಡಂ. ಕಾರಹುಣ್ಣಿಮಿಗೇ ಊರಿಗೆ ಬಂದಾಳ. ನಳದ ಹತ್ರ ದಿನಾ ಸಿಗ್ತಾಳ. ಐದು ತಿಂಗಳ ಚಂದಾ ಬಾಕಿ ಐತ್ರಿ ಅಮ್ಮಾರ, ಎಲ್ಲಾರ ಮುಂದ ಹೆಸರು ಓದಿಸಿಕೊಳ್ಳಾಕ ಹೆಂಗ ಬರಲಿ, ಅಂತಾಳ.’

‘ಇದನ್ನ ನನಗ್ಯಾಕ ಹೇಳ್ಲಿಲ್ಲ ನೀನು?’ ಎಂದರು ಸಭಾಪಾಲಕರು.

‘ಯಾವಾಗ ಹೇಳಲ್ರಿ? ಭಾನುವಾರ ಬಂತಂದ್ರ ನಿಮ್ಮ ಮುಂದ ನಿಂದ್ರಾಕ ಅಂಜಿಕಿ ಆಕ್ಕತ್ರಿ.’

ಆ ಸಭೆಯಲ್ಲಿ ತಿಂಗಳ ಚಂದಾ ಬಾಕಿ ಇರುವವರ ಹೆಸರನ್ನು ಆರಾಧನೆಯ ಕೊನೆಯಲ್ಲಿ, ಪ್ರಕಟಣೆಗಳ ಜೊತೆಗೆ ಖಜಾಂಚಿ ಓದುತ್ತಿದ್ದರು. ಹಿಂದಿನವರು ಮಾಡಿಕೊಂಡು ಬಂದ ಕ್ರಮವೆಂದು ಇವರು ಮುಂದುವರಿಸಿದ್ದರು. ಅಂದು ಉಳಿದ ಹೆಸರುಗಳನ್ನು ಪತ್ನಿಯೇ ಓದಿದರು. ಯಾರ ಮಗಳು ತುಂಬು ಬಸುರಿ, ಯಾರಿಗೆ ಮೇಸ್ತ್ರಿ ಕೂಲಿ ಕೊಡದೆ ಸತಾಯಿಸುತ್ತಿದ್ದಾನೆ, ಯಾರು ಊರಿಗೆ ಮರಳಿಯೂ ದೇವಾಲಯದ ಓಣಿ ತಪ್ಪಿಸಿ ಬೇರೆ ದಾರಿಯಲ್ಲಿ ಹೊಲಕ್ಕೆ ಹೋಗುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಸಭಾಪಾಲಕರು ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕೇಳಿದರು.

ನಾನು ಸಲಹೆ ಕೊಟ್ಟದ್ದು ಈ ತಿಳಿವಳಿಕೆಯ ಮೇಲೆ: ಜನ ಹೋಗುವುದು ಗುಳೆಯ ಕಾರಣಕ್ಕೆ, ಬಂದ ಮೇಲೂ ದೂರ ಉಳಿಯುವುದು ನಾಚಿಕೆಯ ಕಾರಣಕ್ಕೆ. ಮೊದಲನೆಯದನ್ನು ಸಭಾಪಾಲಕರು ತಡೆಯಲಾರರು, ತಡೆಯಲೂಬಾರದು, ಏಕೆಂದರೆ ಅದು ಮನೆಯ ಅನ್ನದ ಪ್ರಶ್ನೆ. ಎರಡನೆಯದು ಸಭೆಯೇ ಉಂಟುಮಾಡಿದ್ದು, ಸಭೆಯೇ ತೆಗೆಯಬಲ್ಲದು. ಹಾಗಾಗಿ ಏಪ್ರಿಲಿನ ಸಂಖ್ಯೆಯನ್ನು ಡಿಸೆಂಬರಿನೊಂದಿಗೆ ಹೋಲಿಸುವುದನ್ನು ಬಿಟ್ಟು ಹಿಂದಿನ ವರ್ಷದ ಏಪ್ರಿಲಿನೊಂದಿಗೆ ಹೋಲಿಸಿ, ಬಾಕಿ ಹೆಸರು ಓದುವುದನ್ನು ನಿಲ್ಲಿಸಿ, ಮರಳಿ ಬಂದವರಿಗೆ ‘ಇಷ್ಟು ದಿನ ಎಲ್ಲಿದ್ದಿರಿ’ ಎಂದು ವೇದಿಕೆಯಿಂದ ಕೇಳಬೇಡಿ ಎಂದೆ. ಹೊಸ ವರ್ಷದ ಆರಾಧನೆಯಲ್ಲಿ ಹೊರಡುವವರನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿಕೊಡಬೇಕು; ಹೀಗೆ ಹರಸಿ ಕಳುಹಿಸಿದ ಮನೆಗೆ ಮರಳುವುದು ಮನುಷ್ಯನಿಗೆ ಸುಲಭ. ಅವರ ಫೋನ್ ಸಂಖ್ಯೆಯನ್ನು ಅಂದೇ ಬರೆದುಕೊಂಡು, ಒಬ್ಬೊಬ್ಬ ಹಿರಿಯರಿಗೆ ಕೆಲವೇ ಮನೆಗಳನ್ನು ವಹಿಸಬೇಕು. ಕರೆ ಮಾಡಿದಾಗ ಕೂಲಿ ಬಂತೇ, ಮಕ್ಕಳ ಮೈ ಹುಷಾರಿದೆಯೇ ಎಂದು ಕೇಳಬೇಕು. ‘ಅಲ್ಲಿ ಆರಾಧನೆಗೆ ಹೋಗುತ್ತೀರೋ ಇಲ್ಲವೋ’ ಎಂಬ ವಿಚಾರಣೆ ಬೇಡ. ಬೆಂಗಳೂರಿನಲ್ಲಿ ಹಡ್ಸನ್ ಸ್ಮಾರಕ ದೇವಾಲಯದಂಥ ಕಡೆ ಕನ್ನಡ ಆರಾಧನೆ ಇದೆ ನಿಜ, ಆದರೆ ನಗರದಂಚಿನ ಕಟ್ಟಡದ ಶೆಡ್ಡಿನಲ್ಲಿರುವವರಿಗೆ ಭಾನುವಾರ ರಜೆ ಸಿಗುವುದೇ ಖಾತ್ರಿಯಿಲ್ಲ.

ಆಪ್ತಸಲಹೆಗಾರ್ತಿಗೆ ಸಭೆಯ ಆಡಳಿತದಲ್ಲಿ ಏನು ಕೆಲಸ ಎಂದು ಸಭೆಯ ಹಿರಿಯರೊಬ್ಬರು ಕೇಳಿ ಕಳುಹಿಸಿದರು. ಸಭಾಪಾಲಕರ ನಿದ್ದೆ ಕೆಟ್ಟದ್ದು ಆ ಹಾಜರಿ ಪುಸ್ತಕದಿಂದ; ಅದನ್ನು ಮುಟ್ಟದೆ ಉಸಿರಾಟದ ಅಭ್ಯಾಸವನ್ನಷ್ಟೇ ಕಲಿಸಿ ಕಳುಹಿಸುವುದು ನನ್ನ ವೃತ್ತಿಗೆ ಮಾಡುವ ಅನ್ಯಾಯವಾಗುತ್ತಿತ್ತು. ಬಾಕಿ ಓದದಿದ್ದರೆ ಕೊಡುವವರೂ ನಿಲ್ಲಿಸುತ್ತಾರೆ ಎಂಬ ಅವರ ಇನ್ನೊಂದು ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕರೆಂಟಿನ ಬಿಲ್ಲು, ಸೋರುವ ತಗಡು, ಸಭಾಪಾಲಕರ ಮನೆಯ ಅಕ್ಕಿ ಇವೆಲ್ಲ ಆ ಚಂದಾದಿಂದಲೇ ನಡೆಯಬೇಕು. ಆದುದರಿಂದ ತಿಂಗಳ ಒಟ್ಟು ಜಮಾ ಖರ್ಚನ್ನು ಎಲ್ಲರ ಮುಂದೆ ಓದಿ, ಬಾಕಿಯನ್ನು ಮಾತ್ರ ಖಜಾಂಚಿ ಆಯಾ ಮನೆಯವರೊಂದಿಗೆ ಖಾಸಗಿಯಾಗಿ ಮಾತನಾಡಲಿ, ಗುಳೆಯ ತಿಂಗಳುಗಳಿಗೆ ಕೊಟ್ಟಷ್ಟನ್ನು ತೆಗೆದುಕೊಳ್ಳಲಿ ಎಂದೆ. ಹೆಸರು ಓದಿಸಿಕೊಂಡವರು ಹಣ ತಂದದ್ದಕ್ಕಿಂತ ದೂರ ಸರಿದದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ. ದೂರ ಸರಿದವರಿಂದ ಸಭೆಗೆ ಹಣವೂ ಇಲ್ಲ, ಜನವೂ ಇಲ್ಲ.

ಸಭಾಪಾಲಕರಿಗೆ ಒಪ್ಪಿಗೆಯಾದದ್ದು ಮಾತ್ರ ನನ್ನ ವಾದದಿಂದಲ್ಲ, ಅವರೇ ನೆನಪಿಸಿಕೊಂಡ, ಬೈಬಲಿನ ಪ್ರವಾದಿ ಯೆರೆಮೀಯನ ಪತ್ರದಿಂದ. ಪ್ರವಾದಿಯ ಗ್ರಂಥದ 29ನೆಯ ಅಧ್ಯಾಯದಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಅವನು ಕಳುಹಿಸಿದ ಪತ್ರವಿದೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು. ‘ಹೋದವರಿಗೆ ಅಂವ ಪತ್ರ ಬರದ್ನ್ರಿ, ನಾನು ಗೈರುಹಾಜರಿ ಹಾಕಿದೆ’ ಎಂದು ಹೇಳಿ ಬಹಳ ಹೊತ್ತು ಅತ್ತರು.

ಇನ್ನೊಂದು ಸಂಗತಿಯನ್ನು ಅವರ ಗಮನಕ್ಕೆ ತರಲು ನನಗೆ ಸಾಕಷ್ಟು ಸಮಯ ಬೇಕಾಯಿತು. ಏಪ್ರಿಲಿನಲ್ಲಿ ಆ ಮೂರು ಸಾಲಿನಲ್ಲಿ ಕೂರುವವರು ಯಾರು? ಮನೆ ಕಾಯಲು ಉಳಿದ ವಯಸ್ಸಾದವರು, ಶಾಲೆಗಾಗಿ ಅಜ್ಜಿಯ ಬಳಿ ಬಿಟ್ಟುಹೋದ ಮಕ್ಕಳು. ಬೇಸಿಗೆಯಲ್ಲಿ ಸಭೆಯೆಂದರೆ ಅವರೇ. 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ, ತಗಡಿನ ಕೆಳಗೆ, ಹತ್ತು ಗಂಟೆಗೆ ಆರಂಭವಾಗಿ ಮಧ್ಯಾಹ್ನ ದಾಟುವ ಆರಾಧನೆ ಅವರ ಕೈಲಾಗದು. ಬೆಳಿಗ್ಗೆ ಏಳಕ್ಕೆ ಆರಂಭಿಸಿ ಒಂದೂವರೆ ಗಂಟೆಯಲ್ಲಿ ಮುಗಿಸಿ, ನಡೆಯಲಾಗದವರ ಮನೆಯಲ್ಲೇ ಪ್ರಾರ್ಥನೆ ಇಟ್ಟು, ಆ ಹೊತ್ತಿನಲ್ಲಿ ಅಲ್ಲಿಂದಲೇ ಪುಣೆಯಲ್ಲಿರುವ ಮಗನಿಗೆ ಫೋನ್ ಹಚ್ಚಿಕೊಡಿ ಎಂದೆ. ಈ ಭೇಟಿಗಳನ್ನು ಪತ್ನಿಯೇ ಏರ್ಪಡಿಸಬೇಕೆಂದು ಒತ್ತಾಯಿಸಿದೆ, ಏಕೆಂದರೆ ಆ ಸಭೆಯ ನಿಜವಾದ ಹಾಜರಿ ಅವರಲ್ಲಿತ್ತು.

ಸಮಿತಿಯು ಬಾಕಿ ಹೆಸರು ಓದುವುದನ್ನು ಒಂದು ವರ್ಷದ ಮಟ್ಟಿಗೆ ನಿಲ್ಲಿಸಿದೆ. ಆ ಹಿರಿಯರು ಈಗಲೂ ಒಪ್ಪಿಲ್ಲ. ವೈದ್ಯರ ಔಷಧಿ ಮುಂದುವರಿದಿದೆ, ನಿದ್ದೆ ಸುಧಾರಿಸಿದೆ. ನಳದ ಬಳಿ ಸಿಗುತ್ತಿದ್ದ ಹೆಣ್ಣುಮಗಳು ಹಲವು ವಾರಗಳ ನಂತರ, ಸಭಾಪಾಲಕರ ಪತ್ನಿ ಮನೆಗೆ ಹೋಗಿ ಬಂದ ಮೇಲೆ, ಮಕ್ಕಳೊಂದಿಗೆ ಆರಾಧನೆಗೆ ಬಂದಳು. ಗಂಡ ಇನ್ನೂ ಬಂದಿಲ್ಲ. ಸಭಾಪಾಲಕರು ಅವನನ್ನು ಆಗಾಗ ಹೊಲದಲ್ಲಿ ಕಂಡು, ಆರಾಧನೆಯ ಮಾತೆತ್ತದೆ, ಬೆಳೆಯ ವಿಷಯ ಮಾತನಾಡಿ ಬರುತ್ತಾರೆ. ಅವನು ಬಂದರೂ ಬಾರದಿದ್ದರೂ ಅದನ್ನು ನಿಲ್ಲಿಸಬೇಡಿ ಎಂದು ಹೇಳಿದ್ದೇನೆ.