ವುಲ್ಫ್ ರೋಡಿನ ಆ ಬೇಲಿಯೊಳಗೆ ಏನಿತ್ತು

ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಬಾಡಿಗೆ ಎಷ್ಟು, ಚಳಿ ಎಷ್ಟು, ಎಚ್-4ನಲ್ಲಿ (ಇಲ್ಲಿ ಕೆಲಸಕ್ಕೆ ಬಂದವರ ಗಂಡ-ಹೆಂಡತಿಗೆ ಕೊಡುವ ವೀಸಾ) ಬರುವ ಹೆಂಡತಿಗೆ ಇಲ್ಲಿ ಹೊತ್ತು ಹೋಗುತ್ತಾ, ಮತ್ತೆ ಮನೆ ಹುಡುಕುವಾಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಈ ಕ್ಯುಪರ್ಟಿನೋ ಊರಿನ ವುಲ್ಫ್ ರೋಡಿನಲ್ಲಿ ಕಂಡ ಆ ಬೇಲಿ ಹಾಕಿದ ದೊಡ್ಡ ಜಾಗ ಏನು ಅಂತ.

ಬಾಡಿಗೆಯನ್ನು ರೂಪಾಯಿಗೆ ಗುಣಿಸಬೇಡಿ, ನಿದ್ದೆ ಬರಲ್ಲ. ಚಳಿ ಹಾಸನದವರಿಗೆ ಏನೂ ಅಲ್ಲ, ಒಂದು ಸ್ವೆಟರ್ ಸಾಕು. ಉಳಿದ ಎರಡು ನನ್ನ ಮಟ್ಟಿಗೆ ಒಂದೇ ಪ್ರಶ್ನೆ.

ಆ ಬೇಲಿಯೊಳಗೆ ವಾಲ್ಕೋ ಅಂತ ಒಂದು ಮಾಲ್ ಇತ್ತು. 1976ರಲ್ಲಿ ತೆರೆದಿದ್ದು. ಅದಕ್ಕೂ ಮುಂಚೆ ಈ ಕಡೆಯೆಲ್ಲ ಹಣ್ಣಿನ ತೋಟ, ಹತ್ತಿರದ ಒಂದು ರಸ್ತೆಗೆ ಇವತ್ತಿಗೂ ಪ್ರೂನ್‌ರಿಡ್ಜ್ ಅಂತಲೇ ಹೆಸರು, ಪ್ರೂನ್ ಅಂದರೆ ಒಣಗಿಸಿದ ಪ್ಲಮ್ ಹಣ್ಣು. ವಾಲ್ಕೋ ಅಂದರೆ ಇಟಾಲಿಯನ್ ಪದ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಅಲ್ಲಿನ ಜಾಗ ಅಭಿವೃದ್ಧಿ ಮಾಡಿದ ವೇರಿಯನ್ ಅಸೋಸಿಯೇಟ್ಸ್ ಕಂಪನಿ ಮತ್ತು ಲಿಯೊನಾರ್ಡ್, ಲೆಸ್ಟರ್, ಕ್ರಾಫ್ಟ್, ಒರ್ಲ್ಯಾಂಡೋ ಮನೆತನಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿದ್ದು. ನಮ್ಮ ಕಡೆ ಮಕ್ಕಳ ಹೆಸರು ಸೇರಿಸಿ ಬಸ್ಸಿಗೆ ಹೆಸರಿಡುತ್ತಾರಲ್ಲ, ಹಾಗೆ. ಮಾಲ್ ರಸ್ತೆಯ ಎರಡೂ ಕಡೆ ಹರಡಿತ್ತು, ನಡುವೆ ವುಲ್ಫ್ ರೋಡಿನ ಮೇಲೆ ಸೇತುವೆ. ಸಿಯರ್ಸ್, ಜೆಸಿಪೆನ್ನಿ, ಮೇಸೀಸ್ ದೊಡ್ಡ ಅಂಗಡಿಗಳು. ಒಳಗೆ ಒಂದು ಐಸ್ ಸ್ಕೇಟಿಂಗ್ ರಿಂಕ್ ಕೂಡ.

ನಾನು ಬಂದಿದ್ದು 1999ರಲ್ಲಿ, 2000ನೇ ಇಸವಿ ಬಂದರೆ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆ ಅನ್ನುವ ವೈ2ಕೆ ಗಲಾಟೆಯಲ್ಲಿ. ನಾಲ್ಕು ತಿಂಗಳಾದ ಮೇಲೆ ಹೆಂಡತಿ ಬಂದಳು. ಸಕಲೇಶಪುರದಲ್ಲಿ ಹೈಸ್ಕೂಲಿಗೆ ಗಣಿತ ಪಾಠ ಮಾಡುತ್ತಿದ್ದವಳು. ಎಚ್-4ನಲ್ಲಿ ಆಗ ಕೆಲಸಕ್ಕೆ ಅವಕಾಶವೇ ಇರಲಿಲ್ಲ. 2015ರಿಂದ ಕೆಲವರಿಗೆ ಸಿಗುತ್ತಿದೆ, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು, ಬಂದ ತಕ್ಷಣ ಸಿಗುತ್ತೆ ಅಂತ ನಂಬಿಕೊಂಡು ಬರಬೇಡಿ. ಮನೆಯಲ್ಲಿ ಒಂದೇ ಕಾರು, ಅದನ್ನು ನಾನು ಬೆಳಿಗ್ಗೆ ಎಂಟಕ್ಕೆ ತೆಗೆದುಕೊಂಡು ಹೋಗುತ್ತಿದ್ದೆ. ಹೊತ್ತು ಹೋಗಲ್ಲ ಅಂದಾಗಲೆಲ್ಲ ನನ್ನ ಉತ್ತರ ಒಂದೇ: "ಮಾಲ್ ಇದೆಯಲ್ಲ, ನಡೆದುಕೊಂಡೇ ಹೋಗಬಹುದು."

ಹೋಗುತ್ತಿದ್ದಳು. 280 ಹೆದ್ದಾರಿಯ ಮೇಲಿನ ಸೇತುವೆ ದಾಟಿ, ಕೆಳಗೆ ಕಾರುಗಳ ಸದ್ದು, ಪಕ್ಕದಲ್ಲಿ ಮನುಷ್ಯರೊಬ್ಬರೂ ಇಲ್ಲ, ಬಿಸಿಲಿಗೆ ಛತ್ರಿ ಹಿಡಿದುಕೊಂಡು ಇಪ್ಪತ್ತೈದು ನಿಮಿಷ. ಅಲ್ಲಿ ಏನು ಮಾಡುತ್ತಾಳೆ ಅಂತ ನಾನು ಕೇಳಲೇ ಇಲ್ಲ. ಕೇಳಿದ್ದು ಒಂದೇ ಸಲ. ಒಂದು ಸಂಜೆ ಅವಳ ಬ್ಯಾಗಿನಲ್ಲಿ ಬಿಲ್ಲು ಹುಡುಕುತ್ತಿದ್ದೆ, ಬಿಳೀ ಕಾಗದದ ಪಟ್ಟಿಗಳು ಸಿಕ್ಕವು, ಬೆರಳುದ್ದದವು, ಏಳೆಂಟು ಇರಬಹುದು. ಒಂದೊಂದಕ್ಕೂ ಒಂದೊಂದು ಸೆಂಟಿನ ವಾಸನೆ. "ಇದಕ್ಕೆಲ್ಲ ಎಷ್ಟು ಕೊಟ್ಟೆ?" ಅಂದೆ. ಅವಳು ಏನೂ ಹೇಳಲಿಲ್ಲ, ಒಳಗೆ ಹೋಗಿ ಅಕ್ಕಿ ತೊಳೆದಳು. ಅವು ಸುಮ್ನೆ ಕೊಡುವ ಸ್ಯಾಂಪಲ್ ಅಂತ ನನಗೆ ಗೊತ್ತಾಗಿದ್ದು ವರ್ಷಗಳ ಮೇಲೆ. ಸೆಂಟಿನ ಕೌಂಟರಿನಲ್ಲಿ ಒಬ್ಬ ಫಿಲಿಪಿನೋ ಹೆಂಗಸು ಇದ್ದಳಂತೆ, ದಿನಾ ಒಂದು ಪಟ್ಟಿ ಕೊಟ್ಟು ಎರಡು ಮಾತಾಡುತ್ತಿದ್ದಳಂತೆ. ಇಡೀ ದಿನದಲ್ಲಿ ನನ್ನವಳಿಗೆ ಸಿಗುತ್ತಿದ್ದ ಮಾತು ಅಷ್ಟೇ. ಆಮೇಲೆ ರಿಂಕಿನ ಹತ್ತಿರ ಊರಿನ ಸ್ವೆಟರ್ ಹಾಕಿಕೊಂಡು ಕೂತು, ಮಕ್ಕಳು ಬೀಳುವುದನ್ನು, ಏಳುವುದನ್ನು ನೋಡುತ್ತಿದ್ದಳು.

ನಾನು ಕೊಟ್ಟ ದುಡ್ಡಿನ ಲೆಕ್ಕ ಕೇಳಿದೆ ಅನ್ನುವುದು ಇಪ್ಪತ್ತೈದು ವರ್ಷವಾದರೂ ನನ್ನಿಂದ ಹೋಗಿಲ್ಲ. ಅವಳು ಮರೆತಿದ್ದೀನಿ ಅನ್ನುತ್ತಾಳೆ. ಸುಳ್ಳು.

ಮಾಲಿನ ಕಥೆ ಅವಳಷ್ಟು ಯಾರಿಗೂ ಗೊತ್ತಿಲ್ಲ, ಯಾವ ಅಂಗಡಿ ಯಾವಾಗ ಶಟರ್ ಎಳೆಯಿತು ಅಂತ ಬಾಯಿಪಾಠ. ವಾಲ್ಕೋ ಪಕ್ಕದ ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲೇ ಆ ಕಡೆ ವ್ಯಾಲಿ ಫೇರ್ ಅಂತ ಇನ್ನೊಂದು ಮಾಲ್ ಇದೆ. 1986ರಲ್ಲಿ ಅದು ಪಕ್ಕದ ಪ್ಲಾಜಾ ಸೇರಿಸಿಕೊಂಡು ದೊಡ್ಡದಾಯಿತು, ಜನ ಅಲ್ಲಿಗೆ ಹೋದರು. ವಾಲ್ಕೋ ಕೈಯಿಂದ ಕೈಗೆ ಮಾರಾಟವಾಯಿತು. ಕ್ಯುಪರ್ಟಿನೋ ಸ್ಕ್ವೇರ್ ಅಂತ ಹೆಸರು ಬದಲಾಯಿಸಿದರು, 2007ರಲ್ಲಿ ಹದಿನಾರು ಪರದೆಯ ಎಎಂಸಿ ಥಿಯೇಟರ್ ಬಂತು, ಮರುವರ್ಷವೇ ಮಾಲ್ ದಿವಾಳಿ ಅರ್ಜಿ ಹಾಕಿತು. ಹೆಸರು ಬದಲಾಯಿಸಿದರೆ ಜಾತಕ ಬದಲಾಗುತ್ತಾ? ಮತ್ತೆ ವಾಲ್ಕೋ ಅಂತಲೇ ಮಾಡಿದರು. 2015ರಲ್ಲಿ ಮೇಸೀಸ್ ಹೋಯಿತು, ಸಿಯರ್ಸ್ ಹೋಯಿತು, 2016ರಲ್ಲಿ ಜೆಸಿಪೆನ್ನಿ. ಆ ಜಾಗದಲ್ಲಿ ಏನಾಗಬೇಕು ಅಂತ ಊರಲ್ಲಿ ದೊಡ್ಡ ಜಗಳ. ಅದೇ ವರ್ಷ ಎರಡು ಪ್ರಸ್ತಾಪ ವೋಟಿಗೆ ಬಂದವು, ಎರಡೂ ಸೋತವು. 2018ರಲ್ಲಿ ಥಿಯೇಟರ್ ಮುಚ್ಚಿತು. ಮನೆಗಳಿಗೆ ಬೇಗ ಒಪ್ಪಿಗೆ ಕೊಡಬೇಕೆನ್ನುವ ರಾಜ್ಯದ ಹೊಸ ಕಾನೂನಿನಡಿ 2,402 ಮನೆಗಳ ಯೋಜನೆಗೆ ಅದೇ ವರ್ಷ ಒಪ್ಪಿಗೆ ಸಿಕ್ಕಿತು, ಅಕ್ಟೋಬರಿನಲ್ಲಿ ಕೆಡವಲು ಶುರು ಮಾಡಿದರು. ನೀವು ನೋಡಿದ ಬೇಲಿ ಅದೇ. ಈಗ ಆ ಯೋಜನೆಗೆ ದಿ ರೈಸ್ ಅಂತ ಹೆಸರು.

ಗಿರಾಕಿ ಕಮ್ಮಿಯಾದಂತೆ ಪಾರ್ಕಿಂಗ್ ಖಾಲಿಯಾಗಿದ್ದು ಮಾತ್ರ ನಮಗೆ ಒಳ್ಳೆಯದಾಯಿತು. ಅಲ್ಲೇ ಅವಳು ಡ್ರೈವಿಂಗ್ ಕಲಿತಿದ್ದು. ಆದರೆ ಬಂದು ಮೂರು ವರ್ಷವಾದ ಮೇಲೆ! ದುಡ್ಡು ಉಳಿಸಬೇಕು, ಎರಡನೇ ಕಾರು ಯಾಕೆ, ಇನ್ಶೂರೆನ್ಸ್ ಜಾಸ್ತಿ ಆಗುತ್ತೆ ಅಂತ ಮುಂದೂಡಿದ್ದು ನಾನು. ಲೈಸೆನ್ಸ್ ಬಂದ ಮರುವಾರವೇ ಅವಳೇ ಕಾರು ಓಡಿಸಿಕೊಂಡು ಡಿ ಆಂಜಾ ಕಾಲೇಜಿಗೆ ಹೋಗಿ ಒಂದು ಕ್ಲಾಸಿಗೆ ಸೇರಿಕೊಂಡಳು.

ಅದಕ್ಕೇ ಹೇಳುತ್ತಿದ್ದೇನೆ, ಸೋಫಾ, ಟಿವಿ ಆಮೇಲೆ. ನಿಮ್ಮ ಮನೆಯವರು ಬಂದ ತಿಂಗಳಲ್ಲೇ ಡ್ರೈವಿಂಗ್ ಪಾಠ ಶುರುವಾಗಲಿ. ನೀವು ಕಲಿಸಬೇಡಿ, ದುಡ್ಡು ಕೊಟ್ಟು ಬೇರೆಯವರಿಂದ ಕಲಿಸಿ. ನಾನು ಕಲಿಸುವಾಗ ಇವಳು ಎರಡು ಸಲ ಆ ಪಾರ್ಕಿಂಗಿನಲ್ಲೇ ಕಾರು ನಿಲ್ಲಿಸಿ, ಬೀಗದ ಕೈ ನನ್ನ ತೊಡೆಯ ಮೇಲೆ ಎಸೆದು, ನಡೆದುಕೊಂಡೇ ಮನೆಗೆ ಹೋಗಿದ್ದಳು.