ಐಸಿನ ಕೆಳಗಿನ ಮೀನಕ್ಕ ಯಾವ ಬಣ್ಣದ ಲೂರ್ ಹಾಕ್ಬೇಕು?

ಪ್ರಶ್ನೆ: ಸರ್ ನಮಸ್ಕಾರ್ರಿ, ನಮ್ಮೂರು ಬಾಗಲಕೋಟಿ, ಕೆಲಸಕ್ಕಂತ ಈಗ ಅಮೆರಿಕಾದ ಮಿನ್ನೆಸೋಟಾದಾಗ ಅದೀನಿ. ಇಲ್ಲೆ ಥಂಡಿಗಿ ಕೆರಿ ಮ್ಯಾಲೆಲ್ಲ ಗಟ್ಟಿ ಐಸ್ ಕಟ್ತೈತಿ, ಜನ ಅದರಾಗ ತೂತು ಕೊರದು ಬ್ಲೂಗಿಲ್, ಕ್ರಾಪಿ, ಪರ್ಚ್ ಹಿಡೀತಾರ, ಈ ಸಣ್ಣ ಮೀನಕ್ಕೆಲ್ಲ ಪ್ಯಾನ್‌ಫಿಶ್ ಅಂತಾರ. ಅಂಗಡಿಗೆ ಹೋದ್ರ ಲೂರ್, ಅಂದ್ರ ಮೀನಕ್ಕ ಆಸಿ ತೋರ್ಸಾಕ ಗಾಳಕ್ಕ ಹಾಕೋ ನಕಲಿ ಹುಳ-ಮೀನ, ನೂರಾರು ಬಣ್ಣದಾಗ ಅದಾವ. ಬಣ್ಣದಿಂದ ಖರೇನ ಫರಕ್ ಬೀಳ್ತೈತೇನ್ರಿ, ಇಲ್ಲ ಇದು ಬರೇ ವ್ಯಾಪಾರನ? ಮತ್ತ ಊರಿಗೆ ಬಂದಾಗ ಆಲಮಟ್ಟಿ ಹಿನ್ನೀರಿನಾಗ ಇವನ್ನ ಹಾಕಬಹುದೇನು?

ಉತ್ತರ: ನಮಸ್ಕಾರ್ರಿ. ಫರಕ್ ಬೀಳ್ತೈತಿ, ಆದ್ರ ಯಾವ ಬಣ್ಣ ಛಲೋ ಅಂತ ಕೇಳೋಕಿಂತ ಮೊದ್ಲ, ನನ್ನ ಲೂರ್ ಇರೋ ಜಾಗಾಕ್ಕ ಎಷ್ಟು ಬೆಳಕು ಮುಟ್ತೈತಿ ಅಂತ ನೋಡ್ಕೋರಿ, ಯಾಕಂದ್ರ ಅಂಗಡಿ ಲೈಟಿನ್ಯಾಗ ಕೆಂಪಗ ಕಂಡ ಲೂರ್ ನೀರಾಗ ಇಳದಮ್ಯಾಲ ಕೆಂಪಗ ಉಳಿಯಂಗಿಲ್ಲ. ನೀರು ಎಲ್ಲಾಕ್ಕಿಂತ ಮೊದ್ಲ ಕೆಂಪು ಬೆಳಕನ್ನ ನುಂಗ್ತೈತಿ, ತಿಳಿನೀರಿನಾಗೂ 5-6 ಮೀಟರ್ ಇಳಿಯೋದ್ರಾಗ ಕೆಂಪು ಬಹುತೇಕ ಹೋಗಿ ಅದು ಕರ್ರಗ ಕಾಣಾಕ ಹತ್ತೈತಿ, ಆಮ್ಯಾಲ ಕಿತ್ತಳಿ, ಆಮ್ಯಾಲ ಹಳದಿ, ಹಸಿರು ನೀಲಿ ಮಾತ್ರ ಆಳತನಕ ಹೋಗ್ತಾವ. ಇದು ತಿಳಿನೀರಿನ ಲೆಕ್ಕ ಮತ್ತ. ನೀವಿರೋ ರಾಜ್ಯದ ಉತ್ತರಕ್ಕ ಜೌಗು ನೆಲದಾಗಿಂದ ನೀರು ಬಂದು ಕಂದು ಬಣ್ಣ ಆಗಿರೋ ಕೆರಿ ಭಾಳ ಅದಾವ, ಕೊಳೆತ ಎಲಿ ಬೇರಿನ ರಸ ಇಳದಿರತೈತಿ, ಅಲ್ಲೆ ನೀಲಿ ಮೊದ್ಲ ಸಾಯ್ತೈತಿ, ಹಂಗಾಗಿ ಕಿತ್ತಳಿ, ತಾಮ್ರ, ಬಂಗಾರ ಬಣ್ಣದ ಲೂರ್ ಕಣ್ಣಿಗೆ ಬೀಳ್ತಾವ. ತಿಳಿ ಕೆರಿಯಾಗ ಬಿಳಿ, ಬೆಳ್ಳಿ, ತಿಳಿ ಹಸಿರು ಹಾಕ್ರಿ.

ಇದರ ಮ್ಯಾಲ ಐಸು, ಸ್ನೋ. ಸ್ವಚ್ಛ ಗಾಜಿನಂಥಾ ಐಸ್ ದಪ್ಪ ಇದ್ರೂ ಬೆಳಕು ಚೊಲೋನ ಬಿಡತೈತಿ, ಆದ್ರ ಅದರ ಮ್ಯಾಲ ಸ್ನೋ ಬಿತ್ತೋ, ಬೆಳಕೆಲ್ಲ ಮ್ಯಾಲಿಂದ ಮ್ಯಾಲ ವಾಪಸ್ ಹೋಗಿ ಕೆಳಗ ಹಗಲ ಹೊತ್ತಿನ್ಯಾಗೂ ಮುಸ್ಸಂಜಿ ಆಗಿರತೈತಿ. ಡಿಸೆಂಬರ್‌ನ್ಯಾಗ ಸ್ನೋ ಇಲ್ಲದ ಐಸಿನ ಮ್ಯಾಲ ಕೆಲಸ ಮಾಡಿದ ಬಣ್ಣ ಫೆಬ್ರವರಿಯಾಗ ಅದೇ ತೂತಿನ್ಯಾಗ ಯಾಕ ನಡೆಯಂಗಿಲ್ಲ ಅನ್ನೋದಕ್ಕ ಇದೂ ಒಂದು ಕಾರಣ. ಬೆಳಕು ಕಡಿಮಿ ಇದ್ದಲ್ಲೆ ಫ್ಲೋರೊಸೆಂಟ್ ಕಿತ್ತಳಿ, ಗುಲಾಬಿ, ಹಳದಿ ಮಿಶ್ರಿತ ಗಿಳಿ ಹಸಿರು ಬಳಸ್ರಿ, ಇದ್ದಷ್ಟು ನೀಲಿ ಬೆಳಕನ್ನ ಹಿಡಕೊಂಡು ತಮ್ಮ ಬಣ್ಣದಾಗ ವಾಪಸ್ ಹೊಳೀತಾವ ಇವು. ಇಲ್ಲಂದ್ರ ಪೂರಾ ಕರೇ ಲೂರ್ ಹಾಕ್ರಿ, ಮೀನ ಕೆಳಗಿಂದ ಮ್ಯಾಲ ನೋಡಿದಾಗ ಇದ್ದ ಸ್ವಲ್ಪ ಬೆಳಕಿನ ಎದುರು ಅದರ ಆಕಾರ ಸ್ಪಷ್ಟ ಕಾಣ್ತೈತಿ, ಕರೇದನ್ನ ಯಾರೂ ಕೊಳ್ಳಂಗಿಲ್ಲ, ಆದ್ರ ನನ್ನ ಕೇಳಿದ್ರ ಡಬ್ಬಿಯಾಗ ಒಂದು ಇರಲೇಬೇಕು.

ಮೀನದ ಕಣ್ಣಿನ ಮಾತೂ ಹೇಳ್ಬೇಕು. ಬ್ಲೂಗಿಲ್ ಕಣ್ಣಾಗ ಬಣ್ಣ ಹಿಡಿಯೋ ಜೀವಕೋಶ, ಅಂದ್ರ ಕೋನ್, ಎರಡ ನಮೂನಿ, ಒಂದು ಹಸಿರಿಗೆ, ಒಂದು ಕೆಂಪಿಗೆ. ಅದರ ಕುಟುಂಬದ್ದ ಆದ ಲಾರ್ಜ್‌ಮೌತ್ ಬಾಸ್ ಮ್ಯಾಲ ಇಲಿನಾಯ್ ವಿಶ್ವವಿದ್ಯಾಲಯದವ್ರು ಪರೀಕ್ಷೆ ಮಾಡಿದಾಗ ಅದು ಕೆಂಪು, ಹಸಿರು ಚೊಲೋ ಗುರುತು ಹಿಡೀತು, ಆದ್ರ ಆ ಹಳದಿ ಗಿಳಿಹಸಿರಿಗೂ ಬಿಳಿಗೂ, ನೀಲಿಗೂ ಕಪ್ಪಿಗೂ ಗೊಂದಲ ಮಾಡ್ಕೊಂಡಿತ್ತು. ಅಂದ್ರ ನೀಲಿಯೊಳಗ ನಾಕು ಶೇಡ್ ಕೊಳ್ಳೋದು ದಂಡ.

ಕ್ರಾಪಿಗೆ ಮುಸ್ಸಂಜಿ, ರಾತ್ರಿ ಛಲೋ ಟೈಮು, ಅವಾಗ ಗ್ಲೋ ಲೂರ್ ತಗೋರಿ. ಸಣ್ಣ ಯುವಿ ಟಾರ್ಚ್‌ನಿಂದ ಸ್ವಲ್ಪ ಹೊತ್ತು ಬೆಳಕು ಕೊಟ್ಟು ಬಿಟ್ರ ತಾನ ಹೊಳೀತೈತಿ, ಕೆಲವು ನಿಮಿಷದಾಗ ಮಂಕಾಗ್ತೈತಿ, ಮತ್ತ ಎತ್ತಿ ಚಾರ್ಜ್ ಮಾಡ್ಬೇಕು. ಹೊಸಬರು ಯಾವಾಗ್ಲೂ ಫುಲ್ ಬೆಳಕು ಬೇಕಂತಾರ, ಆದ್ರ ಭಾಳ ಸಲ ಅದು ಮಂಕಾದಮ್ಯಾಲನ ಮೀನ ಬಾಯಿ ಹಾಕ್ತೈತಿ, ಹಂಗಾಗಿ ಲಗೂನ ಎತ್ತಬ್ಯಾಡ್ರಿ.

ಈಗ ನಾ ಒತ್ತಿ ಹೇಳೋ ಮಾತು: ಬಣ್ಣ ಮೀನನ್ನ ಹತ್ರ ಕರೀತೈತಿ ಅಷ್ಟ, ಕಚ್ಚಿಸೋದು ಸೈಜು ಮತ್ತ ಕೈ. ಐಸಿನ ಕೆಳಗ ನೀರು 0ರಿಂದ 4 ಡಿಗ್ರಿ ಒಳಗ ಇರತೈತಿ, ಮೀನಕ್ಕ ಹಸಿವು ಕಡಿಮಿ, ಓಡಾಟ ಕಡಿಮಿ. ಜ್ವಾಳದ ಕಾಳಿನಷ್ಟ ಇರೋ ಟಂಗ್‌ಸ್ಟನ್ ಲೋಹದ ಜಿಗ್, ಅಂದ್ರ ತಲಿಗೆ ಭಾರದ ಗುಂಡು ಇರೋ ಗಾಳದ ಲೂರ್, ತಗೋರಿ, ಅದೇ ಗಾತ್ರದ ಸೀಸಕ್ಕಿಂತ ಸುಮಾರು 1.7 ಪಟ್ಟು ತೂಕ ಇರತೈತಿ, ಸಣ್ಣದಿದ್ರೂ ದಡದಡ ಕೆಳಗ ಹೋಗ್ತೈತಿ, ಗಾಳದ ತುದಿಗೆ ಒಂದು ವ್ಯಾಕ್ಸ್‌ವರ್ಮ್ ಹುಳ ಚುಚ್ಚರಿ. ನೀರಾಗಿನ ಮೀನ ತೋರ್ಸೋ ಸೋನಾರ್ ಯಂತ್ರದಾಗ ಮೀನ ಮ್ಯಾಲ ಬಂದು ಲೂರಿನ ಒಂದು ಗೇಣು ಕೆಳಗ ನಿಂತು ನೋಡಿ ವಾಪಸ್ ಹೊಂಟ್ರ ಮೊದ್ಲ ಕುಣಿಸೋದು ಕಡಿಮಿ ಮಾಡ್ರಿ, ಆಮ್ಯಾಲ ಸಣ್ಣ ಜಿಗ್ ಹಾಕ್ರಿ, ಅದಕ್ಕೂ ಒಲ್ಲೆ ಅಂದ್ರ ಆವಾಗ ಬಣ್ಣ ಬದಲಿ ಮಾಡ್ರಿ, ಹೊಳೆಯೋದ್ರಿಂದ ಸಾದಾ ಬಣ್ಣಕ್ಕ. ಮೀನ ಬರಾಕನ ತಯಾರಿಲ್ಲಂದ್ರ ಉಲ್ಟಾ ಮಾಡ್ರಿ, ಸಾದಾದ್ರಿಂದ ಹೊಳೆಯೋದಕ್ಕ.

ಒಂದು ಕಳಕಳಿಯ ಮಾತು, ಅಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ (ಡಿಎನ್‌ಆರ್) ಯವ್ರು ನಡಕೊಂಡು ಹೋಗಾಕ ಕಡಿಮಿ ಅಂದ್ರೂ 4 ಇಂಚು ಸ್ವಚ್ಛ ಐಸ್ ಬೇಕಂತಾರ, ಬೆಳ್ಳಗಿನ ಐಸಿಗೆ ಅರ್ಧ ಶಕ್ತಿ, ಅದಕ್ಕ ದುಪ್ಪಟ್ಟು ದಪ್ಪ ಬೇಕು. ಒಬ್ಬರ ಹೋಗಬ್ಯಾಡ್ರಿ. ಲೈಸೆನ್ಸ್ ಮರೀಬ್ಯಾಡ್ರಿ.

ಇನ್ನ ಆಲಮಟ್ಟಿ. ಮಳಿಗಾಲದಾಗ ಕೃಷ್ಣಾ, ಘಟಪ್ರಭಾ ಎರಡೂ ಕೆಂಪು ನೀರು ಹೊತ್ತು ಬರ್ತಾವ, ಮೊಣಕೈ ಇಳಿಸಿದ್ರ ನಮ್ಮ ಬೆರಳು ನಮಗ ಕಾಣಂಗಿಲ್ಲ, ಅವಾಗ ಯಾವ ಬಣ್ಣಾನೂ ಉಪಯೋಗ ಇಲ್ಲ, ಎರಿಹುಳದ ವಾಸನೀನ ಮೇಲು. ಥಂಡಿಗಿ ನೀರು ತಿಳಿ ಆದಮ್ಯಾಲ ನಿಮ್ಮ ಬಿಳಿ, ಬೆಳ್ಳಿ ಬಣ್ಣದ ಸಣ್ಣ ಜಿಗ್ ದಂಡಿ ಹತ್ರ ಜಿಲೇಬಿ ಮೀನಕ್ಕ ಹಾಕಿ ನೋಡ್ರಿ, ತುದಿಗೆ ಎರಿಹುಳದ ತುಣುಕು ಇರಲಿ. ಗ್ಲೋ ಲೂರ್ ಅಲ್ಲೇ ಬಿಟ್ಟು ಬರ್ರಿ. ಮತ್ತ ರೋಹು, ಕಟ್ಲಾ ಸಿಗ್ತಾವಂತ ಲೂರ್ ಹಿಡಕೊಂಡು ಕುಂದರಬ್ಯಾಡ್ರಿ, ಅವು ಲೂರಿನ ಬೆನ್ನು ಹತ್ತೋ ಮೀನ ಅಲ್ಲ, ಅವಕ್ಕ ಹಿಟ್ಟಿನ ಉಂಡಿನ ಬೇಕು.